ಮೆದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆ, ಅಂಗಾಂಶ ಸಂಶೋಧನೆ ಮತ್ತು ರೋಗಿಯ ಸಮ್ಮತಿ: ಸಾರ್ವಜನಿಕ ಮಾಹಿತಿ

ಪ್ರಸ್ತಾವನೆ

ಬೆಂಗಳೂರು ದಕ್ಷಿಣದ ಸುದ್ದಗುಂಟೆಪಾಳ್ಯಕ್ಕೆ ಸಮೀಪದಲ್ಲಿ, ಹೊಸೂರು ರಸ್ತೆಯಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ (ನಿಮ್ಹಾನ್ಸ್) ಇರುತ್ತದೆ. ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ವಿಲೀನಗೊಳಿಸಿ 1974ರಲ್ಲಿ ಇದನ್ನು ರಚಿಸಲಾಯಿತು. ನರಶಸ್ತ್ರಚಿಕಿತ್ಸಕರಾದ ಡಾ. ಆರ್. ಎಂ. ವರ್ಮ ಅವರು ಇದರ ಪ್ರಥಮ ನಿರ್ದೇಶಕರು. ರಾಜ್ಯದ ಎಲ್ಲಾ ಜಿಲ್ಲೆಗಳಿಂದಲೂ ನೆರೆರಾಜ್ಯಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ.

ಇಂತಹ ಬೋಧನಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಕುಟುಂಬದವರ ಮುಂದೆ ಒಂದಕ್ಕಿಂತ ಹೆಚ್ಚು ಸಮ್ಮತಿ ಪತ್ರಗಳನ್ನು ಇಡಲಾಗುತ್ತದೆ. ಆತಂಕದಲ್ಲಿರುವ ಕುಟುಂಬದವರು ಅವುಗಳನ್ನು ಓದದೆಯೇ ಸಹಿ ಮಾಡುವುದುಂಟು. ಇಲ್ಲವೇ ಅನುಮಾನದಿಂದ ಎಲ್ಲವನ್ನೂ ನಿರಾಕರಿಸುವುದುಂಟು. ಈ ಪತ್ರಗಳ ಅರ್ಥ ಹಾಗೂ ರೋಗಿಯ ಹಕ್ಕುಗಳನ್ನು ಇಲ್ಲಿ ವಿವರಿಸಲಾಗಿದೆ.

ರೋಗದ ಸ್ವರೂಪ

ತಲೆಬುರುಡೆಯೊಳಗಿನ ಗೆಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ಸೌಮ್ಯ ಸ್ವರೂಪದ್ದು. ಗ್ಲಿಯೋಬ್ಲಾಸ್ಟೋಮಾ ಅತ್ಯಂತ ಉಗ್ರವಾದುದು. ಶ್ವಾಸಕೋಶ, ಸ್ತನ ಮುಂತಾದ ಅಂಗಗಳ ಕ್ಯಾನ್ಸರ್ ಮೆದುಳಿಗೆ ಹರಡುವುದೂ ಉಂಟು. ನಮ್ಮ ದೇಶದಲ್ಲಿ ಕ್ಷಯದ ಗಂಟು ಮತ್ತು ಲಾಡಿಹುಳುವಿನ ಮರಿಯಿಂದಾಗುವ ನೀರುಗುಳ್ಳೆಗಳು ಸ್ಕ್ಯಾನ್‌ನಲ್ಲಿ ಗೆಡ್ಡೆಯಂತೆಯೇ ಕಾಣಬಹುದು. ಇವು ಬಹುಮಟ್ಟಿಗೆ ಔಷಧಿಯಿಂದ ಗುಣವಾಗತಕ್ಕವು. ಆದ್ದರಿಂದ ಸ್ಕ್ಯಾನ್ ವರದಿಯೊಂದನ್ನೇ ನೋಡಿ ಧೃತಿಗೆಡಬೇಕಾಗಿಲ್ಲ.

ಬೆಳಗಿನ ವೇಳೆ ವಾಂತಿಯೊಡನೆ ಹೆಚ್ಚುತ್ತಾ ಹೋಗುವ ತಲೆನೋವು, ವಯಸ್ಕರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಫಿಟ್ಸ್, ದೇಹದ ಒಂದು ಪಾರ್ಶ್ವದ ನಿಶ್ಶಕ್ತಿ, ದೃಷ್ಟಿ ಅಥವಾ ಶ್ರವಣ ಕುಂದುವುದು, ನಡವಳಿಕೆಯಲ್ಲಿ ಬದಲಾವಣೆ ಇವು ಕಂಡುಬಂದಲ್ಲಿ ವಿಳಂಬ ಮಾಡದೆ ವೈದ್ಯರನ್ನು ಕಾಣತಕ್ಕದ್ದು.

ತೆಗೆದ ಅಂಗಾಂಶ ಏನಾಗುತ್ತದೆ?

ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಚಿಕ್ಕ ತುಣುಕೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ತ್ವರಿತ ಅಭಿಪ್ರಾಯ ಪಡೆಯಲಾಗುತ್ತದೆ. ಉಳಿದ ಅಂಗಾಂಶವನ್ನು ಮೇಣದ ಅಚ್ಚುಗಳಲ್ಲಿರಿಸಿ, ತೆಳುವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ವರದಿ ನೀಡಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ ಗೆಡ್ಡೆಯ ವಂಶವಾಹಿ ಲಕ್ಷಣಗಳನ್ನೂ ಪರಿಗಣಿಸಬೇಕಾಗುತ್ತದೆ. ಇವೆಲ್ಲವೂ ಚಿಕಿತ್ಸೆಯ ಭಾಗವೇ ಹೊರತು ಸಂಶೋಧನೆಯಲ್ಲ. ರೋಗವು ಮರುಕಳಿಸಿದಲ್ಲಿ ಹಳೆಯ ಅಚ್ಚಿನೊಡನೆ ಹೋಲಿಸಲೂ ಇವು ರೋಗಿಗೇ ನೆರವಾಗುತ್ತವೆ.

ಪರೀಕ್ಷೆಯ ನಂತರ ಉಳಿದ ಅಂಗಾಂಶವನ್ನು ಸಂಶೋಧನೆಗೆ ಬಳಸಬಹುದಾಗಿದೆ. ನಿಮ್ಹಾನ್ಸ್‌ನ ವೈದ್ಯರು ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗ್ಲಿಯೋಬ್ಲಾಸ್ಟೋಮಾ ಕುರಿತು ಜಂಟಿಯಾಗಿ ನಡೆಸಿದ ಅಧ್ಯಯನಗಳು ಇಂತಹ ಅಂಗಾಂಶಗಳನ್ನೇ ಆಧರಿಸಿವೆ. ಮರಣಾನಂತರ ಕುಟುಂಬದ ಒಪ್ಪಿಗೆಯೊಂದಿಗೆ ದಾನವಾಗಿ ಪಡೆದ ಮೆದುಳುಗಳ ಸಂಗ್ರಹಕ್ಕಾಗಿ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಾನವ ಮೆದುಳು ಭಂಡಾರವನ್ನು ಸ್ಥಾಪಿಸಲಾಯಿತು.

ಸಂಶೋಧನೆ ಏಕೆ ಬೇಕು?

ಯುರೋಪ್ ಮತ್ತು ಕೆನಡಾದಲ್ಲಿ 573 ರೋಗಿಗಳು ಪಾಲ್ಗೊಂಡ ಅಧ್ಯಯನವೊಂದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಗ್ಲಿಯೋಬ್ಲಾಸ್ಟೋಮಾಕ್ಕೆ ವಿಕಿರಣ ಚಿಕಿತ್ಸೆಯನ್ನಷ್ಟೇ ಪಡೆದವರ ಮಧ್ಯಾಂಕ ಜೀವಿತಾವಧಿ 12.1 ತಿಂಗಳಿದ್ದರೆ, ಟೆಮೊಜೊಲೊಮೈಡ್ ಗುಳಿಗೆಯನ್ನೂ ಪಡೆದವರಲ್ಲಿ ಅದು 14.6 ತಿಂಗಳಾಗಿತ್ತು. ಈ ವಿಧಾನವೇ ನಂತರ ಸಾಮಾನ್ಯ ಚಿಕಿತ್ಸೆಯಾಯಿತು. ಲಾಭವು ಅಲ್ಪವೆನಿಸಿದರೂ, ಅಂದು ಪಾಲ್ಗೊಂಡವರಿಂದ ನಂತರದ ರೋಗಿಗಳಿಗೆ ದೊರೆತದ್ದು ಇದು. ಸಂಶೋಧನೆಯ ಫಲ ಅದೇ ರೋಗಿಗೆ ದೊರೆಯುವುದೆಂಬ ಭರವಸೆ ಇರುವುದಿಲ್ಲ. ಸಹಿ ಮಾಡುವ ಮುನ್ನ ಇದನ್ನು ತಿಳಿದಿರಬೇಕು.

ರೋಗಿಯ ಹಕ್ಕುಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳ ಮುಖ್ಯಾಂಶಗಳು ಈ ಕೆಳಕಂಡಂತಿವೆ:

1. ಚಿಕಿತ್ಸೆಯ ಸಮ್ಮತಿ ಬೇರೆ, ಸಂಶೋಧನೆಯ ಸಮ್ಮತಿ ಬೇರೆ. ಎರಡನೆಯದನ್ನು ನಿರಾಕರಿಸಿದ ಕಾರಣಕ್ಕೆ ಚಿಕಿತ್ಸೆಯಲ್ಲಿ ಯಾವುದೇ ಕೊರತೆ ಮಾಡುವಂತಿಲ್ಲ.

2. ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ನೀಡತಕ್ಕದ್ದು. ಕನ್ನಡದಲ್ಲಿ ವಿವರಿಸುವಂತೆ ಕೇಳುವ ಹಕ್ಕು ಇದೆ.

3. ಓದು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರ ಸಮಕ್ಷಮ ವಿವರಿಸಿ ಹೆಬ್ಬೆಟ್ಟಿನ ಗುರುತು ಪಡೆಯತಕ್ಕದ್ದು.

4. ರೋಗಿಗೆ ಪ್ರಜ್ಞೆ ಅಥವಾ ಗ್ರಹಿಕೆ ಇಲ್ಲದಿದ್ದಲ್ಲಿ ಕಾನೂನುಬದ್ಧ ಪ್ರತಿನಿಧಿಯು ಸಮ್ಮತಿ ನೀಡಬಹುದು. ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿ ಅಗತ್ಯ. 7 ವರ್ಷ ಮೇಲ್ಪಟ್ಟವರಿದ್ದಲ್ಲಿ ಮಗುವಿನ ಒಪ್ಪಿಗೆಯನ್ನೂ ಕೇಳತಕ್ಕದ್ದು.

5. ನೀಡಿದ ಸಮ್ಮತಿಯನ್ನು ಕಾರಣ ನೀಡದೆ ಹಿಂಪಡೆಯಬಹುದು.

6. ಸಂಶೋಧನೆಗಾಗಿಯೇ ನಡೆಸುವ ಪರೀಕ್ಷೆಗಳ ವೆಚ್ಚವನ್ನು ರೋಗಿಯ ಮೇಲೆ ಹೇರಬಾರದು. ಹೆಸರು ಹಾಗೂ ವಿವರಗಳನ್ನು ಗೌಪ್ಯವಾಗಿಡತಕ್ಕದ್ದು.

ಪ್ರತಿ ಅಧ್ಯಯನಕ್ಕೂ ಸಂಸ್ಥೆಯ ನೀತಿ ಸಮಿತಿಯ ಪರಿಶೀಲನೆ ಅಗತ್ಯ. ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಗುರುತನ್ನು ಸಂಪೂರ್ಣ ಅಳಿಸಿದ ಉಳಿಕೆ ಅಂಗಾಂಶಗಳ ವಿಷಯದಲ್ಲಿ ಸಮಿತಿಯು ಸಮ್ಮತಿಯಿಂದ ವಿನಾಯಿತಿ ನೀಡಬಹುದಾಗಿದೆ. ಹೊಸ ಔಷಧಿಯ ಪ್ರಯೋಗಗಳಿಗೆ 2019ರ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಅರ್ಜಿದಾರರಿಗೆ ಸೂಚನೆ

ಆರ್ಥಿಕ ನೆರವಿಗಾಗಿ 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ಜಾರಿಗೆ ತರಲಾಯಿತು. ಪಡಿತರ ಚೀಟಿ, ಆಧಾರ್ ಕಾರ್ಡ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯದೆ ರೋಗಿಯನ್ನು ಆಸ್ಪತ್ರೆಗೆ ಕರೆತರುವುದು. ಆಯಾ ಆಸ್ಪತ್ರೆಯಲ್ಲಿ ಯೋಜನೆ ಅನ್ವಯಿಸುವ ಬಗ್ಗೆ ದಾಖಲಾಗುವ ಮುನ್ನ ವಿಚಾರಿಸತಕ್ಕದ್ದು. ಸ್ಕ್ಯಾನ್ ಫಿಲ್ಮ್‌ಗಳು, ಹಿಂದಿನ ವರದಿಗಳು ಮತ್ತು ಸಹಿ ಮಾಡಿದ ಸಮ್ಮತಿ ಪತ್ರದ ಪ್ರತಿಯನ್ನು ಒಂದೇ ಕಡತದಲ್ಲಿ ಜೋಪಾನವಾಗಿಡುವುದು.

ಸಂಶೋಧನೆಗೆ ಸಮ್ಮತಿಸುವುದೂ ನಿರಾಕರಿಸುವುದೂ ರೋಗಿಯ ಇಚ್ಛೆಗೆ ಬಿಟ್ಟ ವಿಷಯ. ಸಮ್ಮತಿ ಪತ್ರವನ್ನು ಓದಿ ಅಥವಾ ಓದಿಸಿ ಕೇಳಿ, ಸಂದೇಹಗಳಿದ್ದಲ್ಲಿ ವೈದ್ಯರಿಂದ ಪರಿಹರಿಸಿಕೊಂಡ ನಂತರವೇ ಸಹಿ ಮಾಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.