‘ಎಣಿಸು’ ಅಂದ್ರೆ ಸಾಲದು, ಯಾರ ಲೆಕ್ಕಕ್ಕೆ ಅಂತಾನೂ ಹೇಳಬೇಕು

ಆರ್ಡುಯಿನೊದಲ್ಲಿ ಕ್ಲಾಸ್ ಬರೆಯೋಕೆ ಶುರು ಮಾಡಿದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತೆ: ಕ್ಲಾಸ್ ಒಳಗಿನ ಫಂಕ್ಷನ್ನನ್ನ ಕಾಲ್‌ಬ್ಯಾಕ್ ಆಗಿ ಕೊಡೋದು ಹೇಗೆ? ಇವತ್ತು ಅದನ್ನೇ ನೋಡೋಣ.

ಒಂದೇ ಟ್ಯಾಂಕಿನಿಂದ ಮೇಲಿನ ಮನೆಗೂ ಕೆಳಗಿನ ಮನೆಗೂ ನೀರು ಹೋಗುತ್ತೆ ಅಂದ್ಕೊಳ್ಳಿ. ಎರಡೂ ಪೈಪಿಗೆ ವೈಎಫ್-ಎಸ್201 ಫ್ಲೋ ಸೆನ್ಸರ್ ಹಾಕಿದ್ದೀವಿ. ನೀರು ಹರಿದಾಗ ಒಳಗಿನ ಚಕ್ರ ತಿರುಗಿ, ಲೀಟರಿಗೆ ಸುಮಾರು 450 ಪಲ್ಸ್ ಬರುತ್ತೆ. ‘ಮೀಟರ್’ ಅನ್ನೋದು ನಮ್ಮ ಕ್ಲಾಸ್, ಅದರೊಳಗೆ ‘ಎಣಿಸು’ ಅನ್ನೋ ಫಂಕ್ಷನ್. ಮನೆಗೊಂದರಂತೆ ಎರಡು ಆಬ್ಜೆಕ್ಟ್.

ಪಲ್ಸ್ ಬಂದ ಕೂಡಲೇ ‘ಎಣಿಸು’ ಓಡಲಿ ಅಂತ ಅದನ್ನ ಅಟ್ಯಾಚ್‌ಇಂಟರಪ್ಟ್‌ಗೆ ಕೊಟ್ರೆ ಕಂಪೈಲರ್ ಒಪ್ಪಲ್ಲ. ಯಾಕಂದ್ರೆ ಅದಕ್ಕೆ ಬೇಕಿರೋದು ಆರ್ಗ್ಯುಮೆಂಟ್ ಇಲ್ಲದ ಸಾದಾ ಫಂಕ್ಷನ್. ಕ್ಲಾಸ್ ಫಂಕ್ಷನ್ನಿಗೆ ಕಣ್ಣಿಗೆ ಕಾಣದ ಒಂದು ಆರ್ಗ್ಯುಮೆಂಟ್ ಇರುತ್ತೆ, ಅದೇ ‘ದಿಸ್’. ಯಾವ ಆಬ್ಜೆಕ್ಟ್ ಅಂತ ಹೇಳೋದು ಅದು. ಅದಿಲ್ಲದೆ ಬರೀ ‘ಒಂದು ಸೇರಿಸು’ ಅಂದ್ರೆ, ಯಾರ ಲೆಕ್ಕಕ್ಕೆ ಸೇರಿಸಬೇಕು?

ಸಾಮಾನ್ಯವಾಗಿ ಸಿಗೋ ಸಲಹೆ ಇದು: ಫಂಕ್ಷನ್ನನ್ನ ಸ್ಟ್ಯಾಟಿಕ್ ಮಾಡಿ, ಆಬ್ಜೆಕ್ಟಿನ ಪಾಯಿಂಟರನ್ನ ಒಂದು ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಇಡಿ. ಒಂದೇ ಮೀಟರ್ ಇದ್ರೆ ಇದು ಸಾಕು. ಆದ್ರೆ ಎರಡನೇ ಮೀಟರ್ ಶುರುವಾದ ತಕ್ಷಣ ಆ ಪಾಯಿಂಟರ್ ಅದರ ಕಡೆ ತಿರುಗಿಬಿಡುತ್ತೆ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಮೇಲಿನವರು ಸ್ನಾನ ಮಾಡಿದ ನೀರೂ ಕೆಳಗಿನವರ ಬಿಲ್ಲಿಗೆ ಸೇರುತ್ತೆ!

ಹಾಗಾದ್ರೆ ದಾರಿ? ಊನೊ ಬೋರ್ಡಿನಲ್ಲಿ ಅಟ್ಯಾಚ್‌ಇಂಟರಪ್ಟ್‌ಗೆ ಸಿಗೋದು 2 ಮತ್ತು 3, ಈ ಎರಡೇ ಪಿನ್. ಹಾಗಾಗಿ ಕ್ಲಾಸ್ ಹೊರಗೆ ಎರಡು ಪುಟ್ಟ ಫಂಕ್ಷನ್ ಬರೀರಿ. ಒಂದು ಮೇಲಿನ ಮೀಟರಿನ ‘ಎಣಿಸು’ ಕರೀಲಿ, ಇನ್ನೊಂದು ಕೆಳಗಿನದನ್ನ. ನೋಡೋಕೆ ಒರಟು, ಆದ್ರೆ ಲೆಕ್ಕ ತಪ್ಪಲ್ಲ. ಇಎಸ್‌ಪಿ32ನಲ್ಲಿ ಅಟ್ಯಾಚ್‌ಇಂಟರಪ್ಟ್‌ಆರ್ಗ್ ಇದೆ. ಅದಕ್ಕೆ ಸ್ಟ್ಯಾಟಿಕ್ ಫಂಕ್ಷನ್ ಜೊತೆಗೆ ಆಬ್ಜೆಕ್ಟಿನ ವಿಳಾಸವನ್ನೂ ಕೊಡಬಹುದು. ಪಲ್ಸ್ ಬಂದಾಗ ಆ ವಿಳಾಸ ವಾಪಸ್ ನಮ್ಮ ಕೈಗೆ ಬರುತ್ತೆ. ಅದನ್ನ ‘ಮೀಟರ್’ ಪಾಯಿಂಟರ್ ಆಗಿ ಕಾಸ್ಟ್ ಮಾಡಿ ‘ಎಣಿಸು’ ಕರೆದ್ರೆ ಆಯ್ತು.

ಎರಡು ಎಚ್ಚರಿಕೆ. ಮೀಟರ್ ಆಬ್ಜೆಕ್ಟನ್ನ ಸೆಟಪ್ ಒಳಗೆ ಲೋಕಲ್ ಆಗಿ ಮಾಡಬೇಡಿ, ಗ್ಲೋಬಲ್ ಆಗಿ ಇಡಿ. ಸೆಟಪ್ ಮುಗಿದ ಮೇಲೆ ಲೋಕಲ್ ಆಬ್ಜೆಕ್ಟ್ ಉಳಿಯಲ್ಲ, ಇಂಟರಪ್ಟ್ ಮಾತ್ರ ಅದೇ ಹಳೇ ವಿಳಾಸಕ್ಕೆ ಹೋಗ್ತಾ ಇರುತ್ತೆ. ಹಾಗೇ, ಎಣಿಕೆಯ ವೇರಿಯಬಲ್‌ಗೆ ವೊಲಟೈಲ್ ಅಂತ ಹಾಕಿ.

ಆಮೇಲೆ ಒಂದೊಂದೇ ನಲ್ಲಿ ತೆಗೆದು ಪರೀಕ್ಷೆ ಮಾಡಿ. ಮೇಲಿನ ನಲ್ಲಿ ತೆಗೆದಾಗ ಮೇಲಿನ ಲೆಕ್ಕ ಮಾತ್ರ ಏರಬೇಕು.