ಅಲಕ್ಷಿಸಿದ ದುಂಬಿ ಕಲಿಸಿದ ಪಾಠ

ಕಾಯಿಕೊರಕದ ಪರಿಚಯವಿಲ್ಲದ ಕಾಫಿ ಬೆಳೆಗಾರರು ನಮ್ಮಲ್ಲಿ ಇರಲಾರರು. ಅದರದೇ ಬಳಗಕ್ಕೆ ಸೇರಿದ, ಅಮೆರಿಕದ ಒಂದು ಸಣ್ಣ ದುಂಬಿಯ ವಿಷಯ ನಾವೆಲ್ಲರೂ ತಿಳಿದಿರತಕ್ಕದ್ದು.

ಅರಿಜೋನ, ನ್ಯೂ ಮೆಕ್ಸಿಕೋ ಪ್ರಾಂತ್ಯಗಳ ಹಳ್ಳದ ದಂಡೆಗಳಲ್ಲಿ ಕಾಡು ಅಕ್ರೋಟು ಮರಗಳಿವೆ. ಅವುಗಳ ರೆಂಬೆಯ ತೊಗಟೆಯೊಳಗೆ ಈ ದುಂಬಿಯ ವಾಸ. ಗಾತ್ರ ರಾಗಿಕಾಳಿನಷ್ಟು; ಉದ್ದ 2 ಮಿಲಿಮೀಟರಿನೊಳಗೆ. 1928ರಲ್ಲಿ ವಿಜ್ಞಾನಿಗಳು ಇದನ್ನು ವರ್ಣಿಸಿ ಹೆಸರಿಟ್ಟರು. ಸೊರಗಿದ ರೆಂಬೆಗಳನ್ನಷ್ಟೇ ಕೊರೆಯುತ್ತಿದ್ದ ಇದರಿಂದ ಆ ಮರಗಳಿಗೆ ಹೇಳಿಕೊಳ್ಳುವಂಥ ಕೇಡಿರಲಿಲ್ಲ. ಆದ್ದರಿಂದ ಮುಂದಿನ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದರ ಬಗ್ಗೆ ಹೆಚ್ಚಿನ ಅಭ್ಯಾಸ ನಡೆಯಲಿಲ್ಲ.

ಅಮೆರಿಕದ ಪೂರ್ವ ಭಾಗದ ಕಪ್ಪು ಅಕ್ರೋಟು ಬಹು ಬೆಲೆಯ ನಾಟಾ ಮರ. ಜನರು ಅದನ್ನು ಪಶ್ಚಿಮಕ್ಕೂ ಒಯ್ದು ನೆರಳಿಗಾಗಿ ನೆಟ್ಟಿದ್ದರು. 2000ದ ನಂತರದ ವರ್ಷಗಳಲ್ಲಿ ನ್ಯೂ ಮೆಕ್ಸಿಕೋ, ಕೊಲರಾಡೊಗಳಲ್ಲಿ ಈ ಮರಗಳು ಸಾಲುಸಾಲಾಗಿ ಒಣಗತೊಡಗಿದವು. ಮೊದಲು ಎಲ್ಲರೂ ಬರಗಾಲವನ್ನೇ ದೂರಿದರು. ತೊಗಟೆ ಕೆತ್ತಿ ನೋಡಿದಾಗ ನಿಜಸಂಗತಿ ಹೊರಬಿತ್ತು.

ದುಂಬಿ ತನ್ನ ಮೈಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಹೊತ್ತು ತರುತ್ತದೆ. ಅದು ಕೊರೆದ ಕಡೆಯಲ್ಲೆಲ್ಲ ತೊಗಟೆಯೊಳಗೆ ಸಣ್ಣದೊಂದು ಹುಣ್ಣಾಗುತ್ತದೆ. ಒಂದು ಹುಣ್ಣಿನಿಂದ ಮರ ಸಾಯದು. ಸಾವಿರಾರು ಹುಣ್ಣುಗಳು ಕೂಡಿಕೊಂಡಾಗ ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಇದಕ್ಕೆ ‘ಸಾವಿರ ಹುಣ್ಣಿನ ರೋಗ’ ಎಂದೇ ಹೆಸರಾಯಿತು. ತುದಿಯ ಎಲೆ ಹಳದಿಯಾಗಿ ಕಣ್ಣಿಗೆ ಬೀಳುವ ವೇಳೆಗೆ ರೋಗ ಬಲಿತಿರುತ್ತದೆ. ಪಶ್ಚಿಮದಲ್ಲಿ ಅಂಥ ಅನೇಕ ಮರಗಳು ಎರಡು ಮೂರು ವರ್ಷಗಳಲ್ಲಿ ಸತ್ತವು.

2010ರಲ್ಲಿ ಈ ರೋಗ ಪೂರ್ವದ ಟೆನ್ನೆಸ್ಸಿಯಲ್ಲೂ, 2013ರಲ್ಲಿ ಕಡಲಾಚೆಯ ಇಟಲಿಯಲ್ಲೂ ಕಂಡುಬಂತು. ರಾಗಿಕಾಳಿನಷ್ಟು ಹುಳು ಅಷ್ಟು ದೂರ ತಾನೇ ಹಾರಿ ಹೋಗಲಾರದು. ತೊಗಟೆ ಸಹಿತವಾದ ದಿಮ್ಮಿ ಮತ್ತು ಸೌದೆಯೇ ಅದರ ವಾಹನ. ಪೂರ್ವದಲ್ಲಿ ಕೆಲವು ಮರಗಳು ಚೇತರಿಸಿಕೊಂಡಿರುವುದು ಸಮಾಧಾನದ ಸಂಗತಿ.

ಈ ದುಂಬಿ ನಮ್ಮ ಕಾಫಿ, ಅಡಿಕೆಗೆ ಬೀಳುವಂಥದ್ದಲ್ಲ. ಆದರೆ ಪಾಠ ನಮ್ಮದೂ ಹೌದು. ಆಫ್ರಿಕಾ ಮೂಲದ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡಾಗ ಅದೂ ಹೊಸ ನೆಂಟನೇ ಆಗಿತ್ತು. ಆದುದರಿಂದ ಬೆಳೆಗಾರ ಬಂಧುಗಳು ರಂಧ್ರ ಬಿದ್ದ ರೋಬಸ್ಟಾ ರೆಂಬೆಯನ್ನು ಕಂಡೊಡನೆ ಕತ್ತರಿಸಿ ಸುಡಬೇಕು. ಕೊರಕ ಹಿಡಿದ ಗಿಡ, ಸೌದೆಯನ್ನು ಬೇರೆ ತೋಟಕ್ಕೆ ಸಾಗಿಸಬಾರದು. ಗಿಡ ಒಣಗಿದರೆ ಮಳೆಯನ್ನು ದೂರುವ ಮುನ್ನ ಒಮ್ಮೆ ತೊಗಟೆ ಕೆತ್ತಿ ನೋಡುವುದು ಒಳಿತು.