ನೀರಿನಲ್ಲಿ ಬಿತ್ತುವ ಬೆಳೆ

ಮುಂಗಾರು ಹಿಡಿದೊಡನೆ ಹಾಸನ ಜಿಲ್ಲೆಯ ಬಯಲುಸೀಮೆಯಲ್ಲಿ ರೈತನು ಹೊಲಕ್ಕೆ ರಾಗಿಯನ್ನು ಬಿತ್ತುತ್ತಾನೆ. ಕೆರೆಗಳಿಗೆ ನೀರು ಬಂದ ಮೇಲೆ ಅಲ್ಲಿಯೂ ಒಂದು ಬಿತ್ತನೆ ನಡೆಯುತ್ತದೆಂಬುದು ಪಟ್ಟಣವಾಸಿಗಳಲ್ಲಿ ಅನೇಕರಿಗೆ ತಿಳಿಯದು. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಾಗಲಿ, ನೆರೆಯ ಹೊಳೆನರಸೀಪುರದ ಸೀಮೆಯಾಗಲಿ, ಕೆರೆಗಳನ್ನು ನಂಬಿ ಬಾಳಿದ ನಾಡು. ಆ ಕೆರೆಗಳ ಏರಿಯ ಮೇಲೆ ಗಾಳ ಹಿಡಿದು ಕುಳಿತವನ ದಾರಕ್ಕೆ ಸಿಕ್ಕುವ ದಪ್ಪ ಮೀನು ಬಹುಮಟ್ಟಿಗೆ ಅಲ್ಲಿಯೇ ಹುಟ್ಟಿದ್ದಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ ಬಂದ ಬಿತ್ತನೆ ಮರಿಯೇ ಬೆಳೆದು ದೊಡ್ಡದಾದದ್ದು!

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಜಾತಿಯ ಮೀನುಗಳು ಮೂಲತಃ ಉತ್ತರದ ಗಂಗಾ ಬಯಲಿನ ನದಿಗಳವು. ಇವು ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದರೆ ಮೊಟ್ಟೆ ಇಡಬೇಕಾದರೆ ಮಳೆಗಾಲದ ಹೊಸ ಪ್ರವಾಹವೇ ಬೇಕು. ಆದುದರಿಂದ ಕೆರೆಯಲ್ಲಿ ಇವುಗಳ ಸಂತತಿ ತಾನಾಗಿ ಮುಂದುವರಿಯದು. ಬಹುಕಾಲ ಬಂಗಾಳದ ನದಿಗಳಲ್ಲಿ ಮರಿಗಳನ್ನು ಸೋಸಿ ಹಿಡಿದು, ದೂರದ ಪ್ರಾಂತಗಳಿಗೆ ಸಾಗಿಸುವುದೊಂದೇ ದಾರಿಯಾಗಿತ್ತು. ಹಾಗೆ ಹಿಡಿದವುಗಳಲ್ಲಿ ಬೇಡದ ಜಾತಿಗಳೂ ಸೇರಿಕೊಳ್ಳುತ್ತಿದ್ದವು. ದಾರಿಯಲ್ಲಿ ಸಾಯುವುವೂ ಬಹಳ.

ಈ ತೊಡಕನ್ನು ಬಿಡಿಸಿದವರು ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅವರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ತಾಯಿಮೀನಿಗೆ ಚುಚ್ಚುಮದ್ದಾಗಿ ಕೊಟ್ಟು, ನದಿಯ ಪ್ರವಾಹವಿಲ್ಲದೆಯೇ ಮೊಟ್ಟೆ ಇಡಿಸಿದರು. ಇಂದಿಗೂ ಜುಲೈ 10ನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವುದುಂಟು. ಮೀನುಮರಿ ಕೇಂದ್ರಗಳಲ್ಲಿ ಮರಿಗಳನ್ನು ಬೇಕಾದಷ್ಟು ಪಡೆಯುವ ಹಾದಿ ತೆರೆದದ್ದು ಆ ಒಂದು ಸೂಜಿಮೊನೆಯಿಂದ.

ಬಿತ್ತುವ ಬಗೆ

ಮೊಟ್ಟೆಯೊಡೆದು ಬಂದ ಮರಿ ಎಳ್ಳುಕಾಳಿನಷ್ಟಿರುತ್ತದೆ. ಅದನ್ನು ನೇರವಾಗಿ ಕೆರೆಗೆ ಬಿಟ್ಟರೆ ಕೊರವ ಮೊದಲಾದ ಹಿಂಸ್ರ ಮೀನುಗಳಿಗೆ ಔತಣವಿಟ್ಟಂತೆ. ಆದುದರಿಂದ ಸಣ್ಣ ಕೊಳಗಳಲ್ಲಿ ಅದನ್ನು ಬೆರಳುದ್ದ ಬೆಳೆಸಿ ಬಳಿಕ ಕೆರೆಗೆ ಒಯ್ಯುತ್ತಾರೆ. ಸಾಗಿಸುವ ಚೀಲದಲ್ಲಿ ಸುಮಾರು ಮೂರನೆಯ ಒಂದು ಭಾಗ ನೀರು, ಉಳಿದುದು ಆಮ್ಲಜನಕ. ಕೆರೆ ತಲುಪಿದೊಡನೆ ಚೀಲವನ್ನು ಬಿಚ್ಚಿ ಸುರಿಯಬಾರದು. ಹದಿನೈದು ಇಪ್ಪತ್ತು ನಿಮಿಷ ಅದನ್ನು ನೀರಿನ ಮೇಲೆ ತೇಲಬಿಟ್ಟು, ಒಳಹೊರಗಿನ ನೀರಿನ ಉಷ್ಣತೆ ಒಂದಾದ ಮೇಲೆ, ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮರಿಗಳು ತಾವಾಗಿಯೇ ಈಜಿ ಹೊರಬರಲು ಬಿಡಬೇಕು. ಇದಕ್ಕೆ ಮುಂಜಾನೆ ಅಥವಾ ಸಂಜೆಯ ತಂಪು ಹೊತ್ತೇ ಯೋಗ್ಯ.

ಮೂರು ಜಾತಿಗಳನ್ನು ಒಟ್ಟಿಗೆ ಬಿಡುವುದರಲ್ಲಿಯೂ ಒಂದು ಜಾಣತನವಿದೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುವಣ ನೀರಿನಲ್ಲಿ. ಮೃಗಾಲ್ ತಳದ ಕೆಸರಿನಲ್ಲಿ. ಒಂದೇ ಮನೆಯ ಮೂರು ಅಂತಸ್ತುಗಳಲ್ಲಿ ಮೂರು ಸಂಸಾರಗಳು ಜಗಳವಿಲ್ಲದೆ ಬಾಳುವಂತೆ, ಒಂದರ ಊಟಕ್ಕೆ ಇನ್ನೊಂದು ಕೈಹಾಕುವುದಿಲ್ಲ.

ಬಿತ್ತನೆಯಿಂದ ಬಂದ ಕೇಡು

ಹಾಗೆಂದು ಬಿತ್ತಿದ್ದೆಲ್ಲ ಒಳಿತೇ ಆಗುವುದೆಂದು ಭಾವಿಸುವಂತಿಲ್ಲ. ಕೆರೆಯ ಮಾತು ಬೇರೆ, ಹೊಳೆಯ ಮಾತು ಬೇರೆ. ಇದಕ್ಕೆ ಕಾವೇರಿಯ ಬಿಳಿಮೀನಿನ ಕಥೆಯೇ ಸಾಕ್ಷಿ.

ಮಹಶೀರ್ ಎಂದು ಪ್ರಪಂಚದ ಗಾಳಗಾರರೆಲ್ಲ ಕೊಂಡಾಡುವ ಈ ಮೀನಿನಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಬೆನ್ನಿನ ಮೇಲೆ ಡುಬ್ಬವುಳ್ಳ, ಕಿತ್ತಳೆ ಛಾಯೆಯ ರೆಕ್ಕೆಗಳ ಮಹಾಕಾಯವೊಂದು ಕಾವೇರಿ ಮತ್ತು ಅದರ ಉಪನದಿಗಳಿಗೇ ಮೀಸಲಾದುದು. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಅಣೆಕಟ್ಟುಗಳು, ಸಿಡಿಮದ್ದಿನ ಬೇಟೆ, ಮರಳು ಸಾಗಣೆ ಮೊದಲಾದವುಗಳಿಂದ ಮಹಶೀರ್ ಸಂತತಿ ಕುಗ್ಗಿದಾಗ, ಅದನ್ನು ಉಳಿಸುವ ಸದುದ್ದೇಶದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಸಂಸ್ಥೆಯವರು 1970ರ ದಶಕದಲ್ಲಿ ಕೃತಕವಾಗಿ ಮರಿಗಳನ್ನು ಎಬ್ಬಿಸತೊಡಗಿದರು. ಅಲ್ಲಿಯ ಮರಿಗಳು ಕಾವೇರಿಗೂ ಬಂದವು. ಆದರೆ ಅವು ನೀಲಿ ರೆಕ್ಕೆಯ ಮಹಶೀರ್ ಮರಿಗಳು. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಕಡೆಯ ನದಿಯಿಂದ ಶಾಸ್ತ್ರೀಯವಾಗಿ ವರ್ಣಿಸಿದ್ದ ಬೇರೊಂದು ಜಾತಿ. ಹೊಸ ನೆಂಟನು ಮನೆಯ ಯಜಮಾನನಿಗಿಂತ ಬೇಗ ಬೆಳೆದನು.

ಈ ಬದಲಾವಣೆಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಗಾಳಗಾರರ ದಿನಚರಿಗಳೇ ಎಂಬುದು ವಿಶೇಷ. ಕಾವೇರಿ ದಂಡೆಯ ಗಾಳಿಬೋರೆ ಶಿಬಿರದಲ್ಲಿ ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಅಲ್ಲಿಯ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿದರು. ಸಿಕ್ಕುವ ಮೀನುಗಳ ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯದು. ಡುಬ್ಬದ ಮಹಶೀರ್ ವರ್ಷವರ್ಷಕ್ಕೆ ಅಪರೂಪವಾಗುತ್ತ ಬಂದು, ಸಿಕ್ಕಿದವುಗಳಲ್ಲಿಯೂ ಎಳೆಯವು ಕಾಣದಂತಾಗಿದ್ದವು. ಮಕ್ಕಳಿಲ್ಲದ ಮನೆಯಲ್ಲಿ ಮುದುಕರು ಮಾತ್ರ ಉಳಿದಂತೆ! ಇಷ್ಟು ಹೆಸರಾದ ಈ ಮೀನಿಗೆ ಖಚಿತವಾದ ಶಾಸ್ತ್ರೀಯ ನಾಮವಾದರೂ ದೊರೆತದ್ದು 2018ರಲ್ಲಿ: ‘ಟೋರ್ ರೆಮಾದೇವಿ’. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು.

ಹಾಸನದ ಜನ ಇದನ್ನು ದೂರದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ. ಊರ ಕೆರೆ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ, ಹೇಮಾವತಿಯಿಂದ ಕಾವೇರಿಗೆ. ನೀರಿನೊಡನೆ ಮೀನೂ ಹೋಗುತ್ತದೆ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಪರದೇಶದ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವ ಗೃಹಸ್ಥರು ಈ ಮಾತನ್ನು ಮುಖ್ಯವಾಗಿ ನೆನೆಯಬೇಕು. ಅದು ದಯೆಯಂತೆ ಕಂಡರೂ ನೂರಾರು ನಾಡಮೀನುಗಳಿಗೆ ಕಂಟಕವಾಗಬಹುದು.

ಹಳೆಯ ವಿನೋದ

ಗಾಳದ ಆಟ ವಿದೇಶೀಯರಿಂದ ಬಂದುದೆಂಬ ಭಾವನೆಯೂ ಸರಿಯಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವುಗಳಿಗೆ ಹಾಕುವ ಆಹಾರ, ದಾರ, ಕೋಲು ಎಲ್ಲವನ್ನೂ ಅರಸನು ವಿವರಿಸಿದ್ದಾನೆ.

ಹೊಸಬರಿಗೆ ಕೆಲವು ಸೂಚನೆಗಳು

ಮೊದಲನೆಯದು ಅನುಮತಿ. ಬಹುಪಾಲು ಕೆರೆಗಳ ಮೀನಿನ ಹಕ್ಕನ್ನು ಸಹಕಾರ ಸಂಘಗಳೋ ಗುತ್ತಿಗೆದಾರರೋ ಹಣ ತೆತ್ತು ಪಡೆದಿರುತ್ತಾರೆ. ಮರಿ ಬಿತ್ತಿದವನನ್ನು ಕೇಳದೆ ಗಾಳ ಹಾಕುವುದು, ಪರರ ತೋಟದ ಮಾವಿಗೆ ಕಲ್ಲು ಹೊಡೆದಂತೆ. ಹೊಳೆ, ಜಲಾಶಯಗಳ ವಿಷಯದಲ್ಲಿ ಮೀನುಗಾರಿಕೆ ಇಲಾಖೆಯನ್ನು ವಿಚಾರಿಸಬೇಕು. ಅಭಯಾರಣ್ಯಗಳ ಒಳಗೆ ಗಾಳದ ಯೋಚನೆಯೇ ಕೂಡದು.

ಸಲಕರಣೆ ಸರಳವಾಗಿರಲಿ. ಹಗುರವಾದ ಬಿದಿರುಕೋಲು, ನೈಲಾನ್ ದಾರ, ಸಣ್ಣ ಗಾಳ, ಒಂದು ಬೆಂಡು, ಒಂದೆರಡು ಸೀಸದ ಗುಂಡುಗಳಿದ್ದರೆ ಕಲಿಯಲು ಸಾಕು. ಗೆಂಡೆ ಜಾತಿಗೆ ಗಟ್ಟಿಯಾಗಿ ನಾದಿದ ರಾಗಿಹಿಟ್ಟಿನ ಉಂಡೆ ಒಳ್ಳೆಯ ಆಹಾರ. ಎರೆಹುಳುವಿಗೆ ಹಲವು ಜಾತಿಗಳು ಬರುತ್ತವೆ. ಮೃಗಾಲ್ ಬೇಕಾದರೆ ಆಹಾರ ತಳ ಮುಟ್ಟಲಿ. ಕಾಟ್ಲಾ ಬೇಕಾದರೆ ಬೆಂಡನ್ನು ಸರಿಸಿ ಮೇಲ್ನೀರಿನಲ್ಲಿ ತೂಗಲಿ. ಮುಂಜಾನೆ ಮತ್ತು ಸಂಜೆ ಮೀನು ಮೇಯುವ ಹೊತ್ತು. ನೀರಿನ ಮೇಲೆ ನೆರಳು ಬೀಳದಂತೆ, ದಡದಲ್ಲಿ ಕಾಲಿನ ಸದ್ದಾಗದಂತೆ ಕುಳಿತುಕೊಳ್ಳಬೇಕು. ಬೆಂಡು ಮೊದಲ ಸಲ ಅಲುಗಿದೊಡನೆ ಕೋಲನ್ನು ಸೆಳೆಯುವುದು ಹೊಸಬರ ಆತುರ. ಅದು ಮುಳುಗಿ ಸರಿದಾಗ ಮೆಲ್ಲನೆ ಎತ್ತಿದರಾಯಿತು.

ಚಿಕ್ಕ ಮೀನನ್ನೂ, ಮೊಟ್ಟೆ ತುಂಬಿದ ತಾಯಿಮೀನನ್ನೂ ಮತ್ತೆ ನೀರಿಗೆ ಬಿಡಬೇಕು. ಬಿಡುವಾಗ ಕೈ ಒದ್ದೆಯಾಗಿರಲಿ. ಒಣಗೈ ಅದರ ಮೈಮೇಲಿನ ಲೋಳೆಯನ್ನು ಕಿತ್ತು ರೋಗಕ್ಕೆ ದಾರಿಮಾಡುತ್ತದೆ. ಕಿವಿರಿಗೆ ಬೆರಳು ಹಾಕಬಾರದು. ದಣಿದ ಮೀನು ಚೇತರಿಸಿಕೊಳ್ಳುವವರೆಗೆ ನೀರಿನಲ್ಲಿಯೇ ನೇರವಾಗಿ ಆಧರಿಸಿ ಹಿಡಿಯಬೇಕು. ಕತ್ತರಿಸಿದ ನೈಲಾನ್ ದಾರವನ್ನು ದಡದಲ್ಲಿ ಬಿಟ್ಟು ಬಂದರೆ ಕೊಕ್ಕರೆಗಳ ಕಾಲಿಗೆ ಅದೇ ಉರುಳು. ಮಕ್ಕಳನ್ನು ಕರೆದೊಯ್ಯುವವರು ಮಣ್ಣು ತೆಗೆದ ಗುಂಡಿಗಳ ಬಗೆಗೂ, ಅಣೆಕಟ್ಟಿನ ಕೆಳಗೆ ಹಠಾತ್ತನೆ ಏರುವ ನೀರಿನ ಬಗೆಗೂ ಎಚ್ಚರವಾಗಿರಬೇಕು.

ಗಾಳವಿಲ್ಲದೆಯೂ ಮೀನಿನ ವಿನೋದವನ್ನು ಸವಿಯಬಯಸುವವರಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರವಿದೆ. ಅಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಬಳಿ ಮೀನುಗಳು ದೇವರ ಮೀನುಗಳೆಂದು ರಕ್ಷಿತವಾಗಿವೆ. ಯಾತ್ರಿಕರು ಎರಚುವ ಪುರಿಗೆ ಹಿಂಡುಹಿಂಡಾಗಿ ಮೇಲೇಳುತ್ತವೆ. ಮರಿಗಳನ್ನು ತಂದು ಬಿಡುವ ವಿದ್ಯೆ ಇತ್ತೀಚಿನದು. ಇದ್ದ ಮೀನನ್ನು ಇದ್ದಲ್ಲಿಯೇ ಕಾಯುವ ವಿವೇಕ ಈ ಸೀಮೆಗೆ ಹಳೆಯದು. ಕೆರೆಗೆ ಮೊದಲನೆಯದು ಬೇಕು, ಹೊಳೆಗೆ ಎರಡನೆಯದು.